ಔಟ್‌ಲುಕ್ ಎರರ್ ಬಂತು ಅಂತ ಫಾರ್ಮ್ಯಾಟ್ ಮಾಡಿಸುವ ಮುಂಚೆ ಇದನ್ನು ಓದಿ

ಆಂಟಿವೈರಸ್ ತೆಗೆದ ಮೇಲೆ, ಮೇಲ್ ನೋಡುವ ನಿಮ್ಮ ಔಟ್‌ಲುಕ್ ಪ್ರೋಗ್ರಾಂ ತಕರಾರು ಶುರು ಮಾಡಿದೆಯಾ? ಹಾಗಿದ್ದರೆ ದಯವಿಟ್ಟು ಅವಸರಪಟ್ಟು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ. ನಮ್ಮ ಭಾವ ದಾವಣಗೆರೆಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಾರೆ. ಹೀಗೆ ಮಾಡಿಸಿ ಅವರ ವರ್ಷಗಟ್ಟಲೆಯ ಮೇಲ್ ಎಲ್ಲ ಹೋಯಿತು. ಒಂದೇ ಒಂದು ಸಣ್ಣ ಫೈಲ್ ಅಳಿಸಿದ್ದರೆ ಮುಗಿಯುವ ಕೆಲಸ ಅದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರದ್ದು ಆಫೀಸ್ 2007. ಹಳೆಯದೇ, ಆದರೆ ಪ್ರೆಸ್ಸಿನ ಕೆಲಸಕ್ಕೆ ಸಾಕಾಗಿತ್ತು. ಆಂಟಿವೈರಸ್ ಅವಧಿ ಮುಗಿದಿತ್ತು. ದುಡ್ಡು ಕಟ್ಟಿ ಅಂತ ದಿನಾ ಕಾಡುತ್ತಿತ್ತು. ಅದಕ್ಕೆ ಭಾವ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅದನ್ನು ತೆಗೆದುಹಾಕಿದರು. ಆಮೇಲೆ ಔಟ್‌ಲುಕ್ ತೆರೆದರೆ ಒಂದು ಪೆಟ್ಟಿಗೆ ಬಂತು. ಇಂಥ ಆಡ್-ಇನ್ (ಔಟ್‌ಲುಕ್‌ಗೆ ಬೇರೆ ಪ್ರೋಗ್ರಾಂ ಸೇರಿಸುವ ತುಂಡು) ಇನ್‌ಸ್ಟಾಲ್ ಆಗಲಿಲ್ಲ ಅಥವಾ ಲೋಡ್ ಆಗಲಿಲ್ಲ ಎಂಬ ಸಂದೇಶ, ಜೊತೆಗೆ ಡಿಎಲ್‌ಎಲ್ ಎಂದು ಮುಗಿಯುವ ಒಂದು ಫೈಲಿನ ಪೂರ್ತಿ ವಿಳಾಸ. ಓಕೆ ಒತ್ತಿದರೆ ಹೋಗುತ್ತಿತ್ತು, ಮುಂದಿನ ಸಲ ತೆರೆದಾಗ ಮತ್ತೆ ಬರುತ್ತಿತ್ತು. ಮೇಲ್ ಮಾತ್ರ ಸರಿಯಾಗಿಯೇ ಬಂದು ಹೋಗುತ್ತಿದ್ದವು.

ಆ ವಿಳಾಸವನ್ನು ನಿಧಾನವಾಗಿ ಓದಿದ್ದರೆ ಉತ್ತರ ಅಲ್ಲೇ ಇತ್ತು. ಅದರಲ್ಲಿ ಇದ್ದದ್ದು ತೆಗೆದುಹಾಕಿದ ಆಂಟಿವೈರಸ್ಸಿನ ಫೋಲ್ಡರ್ ಹೆಸರು. ಬಂದ ಮೇಲ್ ಸ್ಕ್ಯಾನ್ ಮಾಡಲು ಆಂಟಿವೈರಸ್‌ಗಳು ಔಟ್‌ಲುಕ್ ಒಳಗೆ ತಮ್ಮದೊಂದು ತುಂಡು ಸೇರಿಸಿಕೊಳ್ಳುತ್ತವೆ. ಪ್ರೋಗ್ರಾಂ ತೆಗೆದಾಗ ಆ ತುಂಡು ಹೋದರೂ ದಾಖಲೆ ಉಳಿದುಬಿಡಬಹುದು, ಊರು ಬಿಟ್ಟವರ ಹೆಸರು ವೋಟರ್ ಲಿಸ್ಟ್‌ನಲ್ಲಿ ಉಳಿದ ಹಾಗೆ. ಔಟ್‌ಲುಕ್ 2007 ಇಂಥ ಹಳೇ ಬಗೆಯ ಆಡ್-ಇನ್‌ಗಳ ಪಟ್ಟಿಯನ್ನು ‘ಎಕ್ಸ್‌ಟೆಂಡ್.ಡ್ಯಾಟ್’ ಎಂಬ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಔಟ್‌ಲುಕ್ ಮುಚ್ಚಿ ಆ ಫೈಲ್ ಅಳಿಸಿದರೆ ಸಾಕು. ಮುಂದಿನ ಸಲ ತೆರೆದಾಗ ಅದೇ ಹೊಸದನ್ನು ಮಾಡಿಕೊಳ್ಳುತ್ತದೆ. ಮೇಲ್‌ಗೆ ಏನೂ ಆಗುವುದಿಲ್ಲ.

ರಿಪೇರಿ ಅಂಗಡಿಯವರು ಮೊದಲು ಆಫೀಸ್ ತೆಗೆದು ಮತ್ತೆ ಹಾಕಿದರು. ಪೆಟ್ಟಿಗೆ ಹೋಗಲಿಲ್ಲ. ಹೋಗುವುದೂ ಇಲ್ಲ, ಯಾಕೆಂದರೆ ಆ ಫೈಲ್ ಇರುವುದು ಬಳಕೆದಾರರ ಫೋಲ್ಡರ್‌ನಲ್ಲಿ. ಆಮೇಲೆ ‘ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಲೇಬೇಕು’ ಎಂದರು. ‘ನನ್ನ ಮೇಲ್‌ಗಳು?’ ಎಂದು ಭಾವ ಕೇಳಿದ್ದಾರೆ. ‘ಮೇಲ್ ಎಲ್ಲ ಇಂಟರ್‌ನೆಟ್‌ನಲ್ಲಿ ಇರುತ್ತೆ ಸಾರ್, ಪಾಸ್‌ವರ್ಡ್ ಹಾಕಿದ್ರೆ ಬಂದುಬಿಡುತ್ತೆ.’

ಈ ಮಾತನ್ನು ಮಾತ್ರ ಯಾರು ಹೇಳಿದರೂ ನಂಬಬೇಡಿ. ಭಾವನ ಖಾತೆ ಪಾಪ್ ಬಗೆಯದು, ಅಂದರೆ ಮೇಲ್ ಸರ್ವರ್‌ನಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವಂಥದ್ದು. ಸರ್ವರ್‌ನಲ್ಲಿ ಪ್ರತಿ ಉಳಿಯುತ್ತಿದ್ದದ್ದು 14 ದಿನ ಮಾತ್ರ. ಉಳಿದದ್ದೆಲ್ಲ ಕಂಪ್ಯೂಟರ್‌ನಲ್ಲಿದ್ದ ಒಂದು ಪಿಎಸ್‌ಟಿ ಫೈಲಿನಲ್ಲಿತ್ತು, ಔಟ್‌ಲುಕ್ ಮೇಲ್ ಕೂಡಿಡುವ ಫೈಲ್ ಅದು. ಅಂಗಡಿಯವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿಟ್ಟರು. ಆದರೆ ಔಟ್‌ಲುಕ್ 2007ರ ಪಿಎಸ್‌ಟಿ ಸಾಮಾನ್ಯವಾಗಿ ಇರುವುದು ಆಪ್‌ಡೇಟಾ, ಅದರೊಳಗೆ ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್ ಎಂಬ ಜಾಗದಲ್ಲಿ. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್, ಸುಮ್ನೆ ನೋಡಿದರೆ ಕಾಣುವುದಿಲ್ಲ. ಅಳಿಸಬೇಕಿದ್ದ ಎಕ್ಸ್‌ಟೆಂಡ್.ಡ್ಯಾಟ್ ಕೂಡ ಅದೇ ಫೋಲ್ಡರ್‌ನಲ್ಲಿ, ಪಿಎಸ್‌ಟಿಯ ಪಕ್ಕದಲ್ಲೇ ಇತ್ತು!

ಹೊಸ ವಿಂಡೋಸ್ ಬಂತು, ಎರಡು ವಾರದ ಮೇಲ್ ಬಂತು, ಅಷ್ಟೇ. ಅದೇ ಡಿಸ್ಕಿನ ಮೇಲೆ ಹೊಸ ವಿಂಡೋಸ್ ಕೂತಿದ್ದರಿಂದ ರಿಕವರಿ ಸಾಫ್ಟ್‌ವೇರ್ ಹಾಕಿದರೂ ತೆರೆಯಲಾಗದ ಚೂರುಗಳೇ ಸಿಕ್ಕವು. ಕೆಲವೇ ದಿನಕ್ಕೆ ಒಬ್ಬರು ಬಂದು ಮದುವೆ ಕಾರ್ಡ್‌ನಲ್ಲಿ ಮುಹೂರ್ತದ ಹೊತ್ತು ತಪ್ಪಿದೆ ಎಂದು ಕೂಗಾಡಿದರು. ಪ್ರೂಫ್ ನೋಡಿ ‘ಓಕೆ, ಪ್ರಿಂಟ್ ಹಾಕಿ’ ಎಂದು ಮೇಲ್ ಕಳಿಸಿದ್ದು ಅವರೇ. ತೋರಿಸಲು ಆ ಮೇಲ್ ಇಲ್ಲ. ಭಾವ ತಮ್ಮ ಕೈಯಿಂದ ದುಡ್ಡು ಹಾಕಿ ಎಲ್ಲ ಕಾರ್ಡ್ ಮತ್ತೆ ಪ್ರಿಂಟ್ ಮಾಡಿಕೊಟ್ಟರು.

ನಿಮಗೂ ಇಂಥ ಪೆಟ್ಟಿಗೆ ಬಂದರೆ ಮೊದಲು ಕಂಟ್ರೋಲ್ ಕೀ ಒತ್ತಿ ಹಿಡಿದು ಔಟ್‌ಲುಕ್ ತೆರೆಯಿರಿ. ಸೇಫ್ ಮೋಡ್ ಬೇಕಾ, ಅಂದರೆ ಆಡ್-ಇನ್ ಇಲ್ಲದೆ ತೆರೆಯಲಾ ಎಂದು ಕೇಳುತ್ತದೆ, ಹೌದು ಎನ್ನಿ. ಆಗ ತಕರಾರು ಇಲ್ಲದಿದ್ದರೆ ಬಹುತೇಕ ಆಡ್-ಇನ್ನಿನದೇ ಕಾಟ. ಔಟ್‌ಲುಕ್ 2010ರಿಂದ ಈಚೆಗೆ ಆ ಹಳೇ ಬಗೆಯ ಆಡ್-ಇನ್ ನಡೆಯುವುದಿಲ್ಲ. ಅಲ್ಲಿ ಫೈಲ್, ಆಪ್ಷನ್ಸ್, ಆಡ್-ಇನ್ಸ್ ಎಂದು ಹೋಗಿ, ಕೆಳಗಡೆ ಕಾಮ್ ಆಡ್-ಇನ್ಸ್ ಆರಿಸಿ ‘ಗೋ’ ಒತ್ತಿ, ಆಂಟಿವೈರಸ್ ಹೆಸರಿನ ಟಿಕ್ ತೆಗೆಯಿರಿ. ಬಿಡದಿದ್ದರೆ ಔಟ್‌ಲುಕ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮಾಡಿ. ಎಷ್ಟೋ ಆಂಟಿವೈರಸ್ ಕಂಪನಿಗಳು ಉಳಿಕೆ ತೆಗೆಯಲೆಂದೇ ಬೇರೆ ಟೂಲ್ ಕೊಡುತ್ತವೆ, ಅದನ್ನೂ ಓಡಿಸಿ.

ಪೆಟ್ಟಿಗೆ ಬರುವುದಿಲ್ಲ, ಆದರೆ ಮೇಲ್ ಬರುವುದೇ ನಿಂತಿದೆ ಎಂದಾದರೆ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಹೆಸರು ನೋಡಿ. 127.0.0.1 (ಅಂದರೆ ನಿಮ್ಮದೇ ಕಂಪ್ಯೂಟರ್) ಎಂದಿದ್ದರೆ ಅದೂ ಹಳೇ ಆಂಟಿವೈರಸ್ ಬಿಟ್ಟುಹೋದದ್ದೇ ಇರಬಹುದು. ನಿಮ್ಮ ಮೇಲ್ ಕಂಪನಿಯ ಸರ್ವರ್ ಹೆಸರು ಹಾಕಿ.

ಏನೇ ಮಾಡುವ ಮುಂಚೆ, ಅಂಗಡಿಗೆ ಕೊಡುವುದಾದರೂ ಸರಿ, ಅಕೌಂಟ್ ಸೆಟ್ಟಿಂಗ್ಸ್ ತೆರೆದು ಡೇಟಾ ಫೈಲ್ಸ್ ಟ್ಯಾಬ್ ನೋಡಿ. ಪಿಎಸ್‌ಟಿ ಎಲ್ಲಿದೆ ಎಂದು ಅದೇ ತೋರಿಸುತ್ತದೆ. ಔಟ್‌ಲುಕ್ ಮುಚ್ಚಿ, ಆ ಫೈಲನ್ನು ನೀವೇ ಕಾಪಿ ಮಾಡಿಟ್ಟುಕೊಳ್ಳಿ. ಪಿಎಸ್‌ಟಿ 4 ಜಿಬಿ ದಾಟಿದ್ದರೆ ಫ್ಯಾಟ್32 ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರುವ ಡ್ರೈವ್ ಬಳಸಿ.