ಜೇಬು ಖಾಲಿಯಿರುವ ಸೂಪರ್‌ಹೀರೋ: ಪೆಂಗ್ವಿನ್ ಕ್ಲಾಸಿಕ್ಸ್‌ನ ಸ್ಪೈಡರ್‌ಮ್ಯಾನ್ ಸಂಪುಟ

ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಯಲ್ಲಿ 2022ರಲ್ಲಿ ಪ್ರಕಟವಾದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಸಂಪುಟವು 1962ರಿಂದ 1964ರವರೆಗಿನ ಆಯ್ದ ಸಂಚಿಕೆಗಳನ್ನು ಒಂದೆಡೆ ಕೊಡುತ್ತದೆ. ಸ್ಪೈಡರ್‌ಮ್ಯಾನ್ ಮುಸುಕಿನ ಹಿಂದಿನ ಹುಡುಗ ಪೀಟರ್ ಪಾರ್ಕರ್‌ನನ್ನು ಸಿನಿಮಾಗಳಿಂದ ಮಾತ್ರ ಬಲ್ಲವರು ಇದನ್ನು ಕೊಳ್ಳಬೇಕೆ ಎಂದು ಕೇಳಿದರೆ, ಕೊಳ್ಳಬೇಕೆಂದೇ ನನ್ನ ಉತ್ತರ. ಅದಕ್ಕೆ ಕಾರಣ ಹೊಡೆದಾಟಗಳಲ್ಲ, ಆ ಹುಡುಗನ ಖಾಲಿ ಜೇಬು.

ಅದುವರೆಗಿನ ಅಮೆರಿಕದ ಕಾಮಿಕ್ಸ್‌ನಲ್ಲಿ ಹದಿಹರೆಯದವರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಸಹಾಯಕನ ಪಾತ್ರ. ಬ್ಯಾಟ್‌ಮ್ಯಾನ್‌ಗೆ ರಾಬಿನ್, ಕ್ಯಾಪ್ಟನ್ ಅಮೆರಿಕಾಗೆ ಬಕಿ. ಅಂಥ ಹುಡುಗನೊಬ್ಬನನ್ನೇ ನಾಯಕನನ್ನಾಗಿಸಲು ಹೊರಟಾಗ ಮಾರ್ವೆಲ್ ಕಾಮಿಕ್ಸ್‌ನ ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಒಪ್ಪಲಿಲ್ಲವೆಂದೂ, ಹಾಗಾಗಿ ಹೇಗಿದ್ದರೂ ನಿಂತುಹೋಗಲಿದ್ದ ಪತ್ರಿಕೆಯೊಂದಕ್ಕೆ ಆ ಕಥೆಯನ್ನು ಸೇರಿಸಿದೆನೆಂದೂ ಕಥೆ ಬರೆದ ಸ್ಟಾನ್ ಲೀ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಆ ಪತ್ರಿಕೆಯೇ 12 ಸೆಂಟ್ ಬೆಲೆಯ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆ, ಆಗಸ್ಟ್ 1962. ಮೊದಲು ಚಿತ್ರ ಬಿಡಿಸಲು ಕೂತ ಜ್ಯಾಕ್ ಕರ್ಬಿಯವರ ಕೈಯಲ್ಲಿ ನಾಯಕ ತೀರಾ ವೀರಾಧಿವೀರನಂತೆ ಮೂಡಿದ್ದರಿಂದ ಕೆಲಸ ಸ್ಟೀವ್ ಡಿಟ್ಕೋ ಪಾಲಿಗೆ ಬಂತು. ಮುಖವನ್ನು ಪೂರ್ತಿ ಮುಚ್ಚುವ ಮುಸುಕು ಡಿಟ್ಕೋ ಕೊಟ್ಟದ್ದು. ಒಳಗಿರುವವನು ಮೀಸೆ ಚಿಗುರದ ಹುಡುಗನೆಂಬುದು ಯಾರಿಗೂ ತಿಳಿಯಬಾರದಲ್ಲ!

ಹನ್ನೊಂದೇ ಪುಟಗಳ ಆ ಮೊದಲ ಕಥೆಯನ್ನು ನಿಧಾನವಾಗಿ ಓದಬೇಕು. ಮೊದಲ ಪುಟದಲ್ಲಿ ಸಹಪಾಠಿಗಳ ಗುಂಪು ನಗುತ್ತಿದೆ, ಪುಸ್ತಕ ಹಿಡಿದ ಕನ್ನಡಕದ ಹುಡುಗ ಒಂದು ಬದಿಯಲ್ಲಿ ಒಂಟಿಯಾಗಿ ನಿಂತಿದ್ದಾನೆ. ಶಕ್ತಿಯ ಜೊತೆ ಹೊಣೆಯೂ ಬರುತ್ತದೆ ಎಂಬ ಜಗತ್ಪ್ರಸಿದ್ಧ ಮಾತು ಇಲ್ಲಿ ಪೀಟರ್‌ನನ್ನು ಸಾಕಿದ ಬೆನ್ ಚಿಕ್ಕಪ್ಪನ ಬಾಯಿಂದ ಬರುವುದೇ ಇಲ್ಲ; ಕೊನೆಯ ಚೌಕದಲ್ಲಿ ನಿರೂಪಕ ಹೇಳುವ ಮಾತದು. ಇದಕ್ಕೆ ಎರಡು ತಿಂಗಳು ಮೊದಲು ಇನ್ನೊಂದು ಕಾಮಿಕ್ಸ್ ಪತ್ರಿಕೆ ‘ಸ್ಟ್ರೇಂಜ್ ಟೇಲ್ಸ್’ನಲ್ಲಿ ಬಂದ ಲಿಂಡಾ ಬ್ರೌನ್ ಎಂಬ ಹುಡುಗಿಯ ಕಥೆಯನ್ನೂ ಸಂಪುಟಕ್ಕೆ ಸೇರಿಸಿರುವುದು ಸಂಪಾದಕರ ಜಾಣ ಆಯ್ಕೆ. ಅದರಲ್ಲಿ ಆಗಲೇ, ಮುಂದೆ ಪೀಟರ್‌ನ ಚಿಕ್ಕಮ್ಮ ಚಿಕ್ಕಪ್ಪನಿಗೆ ಬಂದ ಮೇ ಮತ್ತು ಬೆನ್ ಎಂಬ ಹೆಸರಿನ ವೃದ್ಧ ದಂಪತಿಗಳಿದ್ದಾರೆ. ಪಾತ್ರವೊಂದು ಹಳೆಯ ಕಥೆಗಳ ಚೂರುಪಾರುಗಳಿಂದ ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

1963ರಲ್ಲಿ ಸ್ವಂತ ಪತ್ರಿಕೆ ಆರಂಭವಾದ ಮೇಲೆ ಹುಡುಗನ ನಿಜವಾದ ವೈರಿ ಹಣದ ಅಡಚಣೆ. ಪ್ರದರ್ಶನ ನೀಡಿ ದುಡಿದ ಚೆಕ್ಕು ಸ್ಪೈಡರ್‌ಮ್ಯಾನ್ ಹೆಸರಿನಲ್ಲಿದೆ. ಆ ಹೆಸರಿಗೆ ಗುರುತಿನ ಚೀಟಿ ಇಲ್ಲದ್ದರಿಂದ ಬ್ಯಾಂಕಿನಲ್ಲಿ ಅದು ನಗದಾಗುವುದಿಲ್ಲ. ಸಂಬಳ ಸಿಗಬಹುದೆಂದು ಫೆಂಟಾಸ್ಟಿಕ್ ಫೋರ್ ತಂಡ ಸೇರಲು ಹೋದರೆ ಅಲ್ಲಿ ಸಂಬಳವೇ ಇಲ್ಲ. ನಾಲ್ಕನೇ ಸಂಚಿಕೆಯಲ್ಲಿ ಸ್ಯಾಂಡ್‌ಮ್ಯಾನ್ ಜೊತೆಗಿನ ಕಾಳಗದ ನಡುವೆ ಮುಸುಕು ಹರಿದುಹೋಗಿ, ಮನೆಗೆ ಬಂದು ಸೂಜಿದಾರ ಹಿಡಿದು ಹೊಲಿಯುತ್ತಾ ಕೂರುತ್ತಾನೆ.

ಸಂಪುಟದ ಶಿಖರವೆಂದರೆ 17ರಿಂದ 19ರವರೆಗಿನ ಮೂರು ಸಂಚಿಕೆಗಳು. ಗ್ರೀನ್ ಗಾಬ್ಲಿನ್ ಜೊತೆ ಸೆಣಸುತ್ತಿರುವಾಗ ಮೇ ಚಿಕ್ಕಮ್ಮನಿಗೆ ಹೃದಯಾಘಾತವಾದ ಸುದ್ದಿ ಕಿವಿಗೆ ಬಿದ್ದು ಅವನು ಓಡಿಹೋಗುತ್ತಾನೆ. ಊರೆಲ್ಲ ಅವನನ್ನು ಹೇಡಿ ಎನ್ನುತ್ತದೆ, ಪತ್ರಿಕಾ ಸಂಪಾದಕ ಜೇಮ್‌ಸನ್ ಹಿಗ್ಗಿ ಹೀರೇಕಾಯಿಯಾಗುತ್ತಾನೆ. ತನಗೆ ಏನಾದರೂ ಆದರೆ ಚಿಕ್ಕಮ್ಮನಿಗೆ ಯಾರು ದಿಕ್ಕು ಎಂದು ಹೆದರಿದ ಹುಡುಗ 18ನೇ ಸಂಚಿಕೆಯಲ್ಲಿ ಕಾದಾಟಗಳಿಂದ ತಪ್ಪಿಸಿಕೊಳ್ಳುತ್ತಲೇ ಇರುತ್ತಾನೆ, ತನ್ನ ಬಲೆಯ ಅಂಟನ್ನು ಕಂಪನಿಯೊಂದಕ್ಕೆ ಮಾರಲು ಹೋಗುತ್ತಾನೆ, ಸ್ವಲ್ಪ ಹೊತ್ತಿಗೆ ಕರಗಿಹೋಗುವ ಅಂಟು ಯಾರಿಗೆ ಬೇಕೆಂದು ಅವರು ಸಾಗಹಾಕುತ್ತಾರೆ. ಸೂಪರ್‌ಹೀರೋ ಪತ್ರಿಕೆಯೊಂದು ಕಾದಾಟವನ್ನು ಇಷ್ಟರಮಟ್ಟಿಗೆ ಬದಿಗಿಟ್ಟು ಮನೆಯ ಚಿಂತೆಯನ್ನೇ ಹಾಸಿ ಹೊದ್ದದ್ದು ಆ ಕಾಲಕ್ಕೆ ದೊಡ್ಡ ಧೈರ್ಯ.

ಕೊರತೆಯೂ ಇದೆ, ಅದು ಸಣ್ಣದಲ್ಲ. ಐದರಿಂದ ಎಂಟು, ಹನ್ನೊಂದು, ಹನ್ನೆರಡು, ಹದಿನೈದು, ಹದಿನಾರು, ಇಷ್ಟೂ ಸಂಚಿಕೆಗಳು ಇಲ್ಲಿಲ್ಲ. ಜೇಮ್‌ಸನ್‌ನ ಕಾರ್ಯದರ್ಶಿ, ಪೀಟರ್‌ನ ಗೆಳತಿ ಬೆಟ್ಟಿ ಬ್ರಾಂಟ್‌ಳ ಸಹೋದರ ಸಾಯುವುದು 11ರಲ್ಲಿ. ಅದನ್ನೇ ಬಿಟ್ಟರೆ ಮುಂದೆ ಅವಳ ಮತ್ತು ಪೀಟರ್‌ನ ನಡುವಿನ ಬಿರುಕು ಹೊಸ ಓದುಗರಿಗೆ ಅರ್ಥವಾಗುವುದು ಹೇಗೆ? ಧಾರಾವಾಹಿಯೊಂದರಿಂದ ‘ಆಯ್ದ ಭಾಗ’ ತೆಗೆಯುವ ಕ್ರಮವೇ ಈ ಪತ್ರಿಕೆಗೆ ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ಹುಡುಗ ತಿಂಗಳು ತಿಂಗಳೂ ಬೆಳೆಯುತ್ತಾನೆ. 1965ರ 28ನೇ ಸಂಚಿಕೆಯಲ್ಲಿ ಅವನು ಹೈಸ್ಕೂಲು ಮುಗಿಸುತ್ತಾನೆ, 31ರಲ್ಲಿ ಕಾಲೇಜು ಸೇರುತ್ತಾನೆ. ಸಂಪುಟ ಅಲ್ಲಿಗೆ ತಲುಪುವುದೇ ಇಲ್ಲ. 38ರ ನಂತರ ಡಿಟ್ಕೋ ಹೊರನಡೆದು, ಜಾನ್ ರೊಮಿಟಾ ಅವರ ಗೆರೆಯಲ್ಲಿ ಪೀಟರ್ ಸುಂದರ ಯುವಕನಾದ. 1987ರಲ್ಲಿ ಮದುವೆಯೂ ಆದ ಮೇಲೆ ಹದಿಹರೆಯದ ನಾಯಕನ ಜಾಗ ಖಾಲಿಯಾಯಿತು. ಅದನ್ನು ತುಂಬಲು ಮಾರ್ವೆಲ್ 2000ದಲ್ಲಿ ಹೊಸದೊಂದು ಕಥಾಸರಣಿಯಲ್ಲಿ ಅವನನ್ನೇ ಮತ್ತೆ ಶಾಲೆಗೆ ಕಳಿಸಿತು, 2011ರಲ್ಲಿ ಬ್ರೂಕ್ಲಿನ್‌ನ ಮೈಲ್ಸ್ ಮೊರಾಲೆಸ್ ಎಂಬ ಇನ್ನೊಬ್ಬ ಹದಿಹರೆಯದ ಸ್ಪೈಡರ್‌ಮ್ಯಾನ್‌ನನ್ನು ಸೃಷ್ಟಿಸಿತು. ಈ ನಡುವೆ 2004ರಲ್ಲಿ ನಮ್ಮ ಮುಂಬೈಗೆ ಪಂಚೆಯುಟ್ಟ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಕೂಡ ಬಂದುಹೋದ.

ಬಿಟ್ಟುಹೋದ ಸಂಚಿಕೆಗಳೂ ಬೇಕೆನ್ನುವವರಿಗೆ ಮಾರ್ವೆಲ್‌ನದೇ ‘ಎಪಿಕ್ ಕಲೆಕ್ಷನ್’ ಮಾಲೆಯ ಮೊದಲ ಸಂಪುಟವಿದೆ. ಅದರಲ್ಲಿ ಒಂದರಿಂದ ಹದಿನೇಳರವರೆಗೆ ಒಂದೂ ಬಿಡದೆ ಇವೆ, ಆದರೆ ಹುಡುಗ ಕಾಳಗ ಬಿಟ್ಟು ಓಡಿದ ಕಡೆಗೇ ಅದು ಮುಗಿದುಹೋಗುವುದರಿಂದ ಮುಂದಿನ ಸಂಪುಟವನ್ನೂ ಜೊತೆಯಲ್ಲೇ ತರಿಸಿಕೊಳ್ಳುವುದು ಒಳ್ಳೆಯದು.