25 ಮೀಟರ್ ದೂರಕ್ಕೆ ನಾಲ್ಕು ಕೋಆಕ್ಸ್ ಕೇಬಲ್: ಹಾಕಿ ನೋಡಿದ ಮೇಲೆ

ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋದಿಂದ ಆಂಟೆನಾಕ್ಕೆ ಸಿಗ್ನಲ್ ಒಯ್ಯುವುದು ಕೋಆಕ್ಸ್ ಕೇಬಲ್. ರೇಡಿಯೋದಿಂದ 50 ವ್ಯಾಟ್ ಹೊರಟಿತ್ತು. ತಾರಸಿ ಮೇಲೆ, ಆಂಟೆನಾಕ್ಕೆ ಸೇರುವ ತುದಿಯಲ್ಲಿ ಮೀಟರ್ ಇಟ್ಟು ನೋಡಿದರೆ 15ರ ಆಸುಪಾಸು. ಉಳಿದ 35 ವ್ಯಾಟ್ ದಾರಿಯಲ್ಲೇ ಕೇಬಲ್ ಬಿಸಿ ಮಾಡುವುದಕ್ಕೆ ಹೋಗಿತ್ತು. ಇದು ಗೊತ್ತಿಲ್ಲದೆ ಎರಡು ವರ್ಷ ನಾನು ಆಂಟೆನಾವನ್ನೇ ಬಿಚ್ಚಿ ಕಟ್ಟಿ ಮಾಡುತ್ತಿದ್ದೆ.

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರ. ರೇಡಿಯೋ ಕೆಳಗಿನ ಕೋಣೆಯಲ್ಲಿದೆ, ಆಂಟೆನಾ ತಾರಸಿಯ ಜಿಐ ಪೈಪಿನ ತುದಿಯಲ್ಲಿ. ಕಿಟಕಿ, ಸಜ್ಜಾ, ಗೋಡೆ ಎಲ್ಲ ಬಳಸಿ ಹೋಗಬೇಕಾದ್ದರಿಂದ 25 ಮೀಟರ್ ಕೇಬಲ್ ಬೇಕೇ ಬೇಕು. ಹಾಗಾಗಿ ನಾಲ್ಕು ಥರದ ಕೇಬಲನ್ನೂ ಅಷ್ಟೇ ಉದ್ದಕ್ಕೆ ಹಾಕಿ, ಮೇಲಿನ ತುದಿಗೆ ವ್ಯಾಟ್ ಮೀಟರ್ ಮತ್ತು 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ಸಾಧನ) ಕಟ್ಟಿ ನೋಡಿದೆ. ಕೆಳಗೆ ತಮ್ಮ ಪಿಟಿಟಿ (ಸಿಗ್ನಲ್ ಕಳಿಸುವ ಗುಂಡಿ) ಒತ್ತುತ್ತಿದ್ದ, ಮೇಲೆ ನಾನು ಬರೆದುಕೊಳ್ಳುತ್ತಿದ್ದೆ. ನನ್ನ ಮೀಟರ್ ಲ್ಯಾಬಿನದ್ದಲ್ಲ, ಒಂದೆರಡು ವ್ಯಾಟ್ ಆಚೀಚೆ ಇರಬಹುದು. ಆದರೂ ಕಂಪನಿಗಳು ಕೊಡುವ ಪಟ್ಟಿಗೂ ನನಗೆ ಸಿಕ್ಕಿದ್ದಕ್ಕೂ ಚೆನ್ನಾಗಿ ತಾಳೆಯಾಯಿತು.

ಮೊದಲನೆಯದು ಆರ್‌ಜಿ-58. ತೆಳ್ಳಗೆ 5 ಮಿಲಿಮೀಟರ್, ಅಗ್ಗ, ಎಲ್ಲಿ ಬೇಕಾದರೂ ಬಾಗುತ್ತದೆ, ಕಿಟಕಿಯ ಸಂದಿಯಲ್ಲೂ ತೂರುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 20 ಡಿಬಿ (ಡೆಸಿಬೆಲ್, ಪ್ರತಿ 10ಕ್ಕೆ ಪವರ್ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ) ನಷ್ಟ, ಅಂದರೆ ನನ್ನ 25 ಮೀಟರಿಗೆ 5 ಡಿಬಿ. ಮೇಲೆ ಹೇಳಿದ 15 ವ್ಯಾಟ್ ಇದರದ್ದೇ. 435 ಮೆಗಾಹರ್ಟ್ಸ್‌ಗೆ ಹೋದರೆ ಇನ್ನೂ ಕಷ್ಟ, 50 ವ್ಯಾಟ್ ಕಳಿಸಿದರೆ ಮೇಲೆ ಸಿಗುವುದು ಐದಾರು ಮಾತ್ರ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನನ್ನನ್ನು ಇಷ್ಟು ದಿನ ದಾರಿ ತಪ್ಪಿಸಿದ್ದು ಇದೇ. ನನ್ನ ಎಸ್‌ಡಬ್ಲ್ಯುಆರ್ ಮೀಟರ್ (ಮೇಲಿನಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ಹೇಳುವುದು, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ಯಾವಾಗಲೂ ಚೆನ್ನಾಗಿಯೇ ತೋರಿಸುತ್ತಿತ್ತು. ಒಂದು ದಿನ ಅನುಮಾನ ಬಂದು, ಮೇಲೆ ಆಂಟೆನಾ ಬಿಚ್ಚಿಟ್ಟು, ಕೇಬಲ್ಲಿನ ತುದಿ ಖಾಲಿ ಬಿಟ್ಟು, ಕಡಿಮೆ ಪವರ್‌ನಲ್ಲಿ ಒಂದು ಕ್ಷಣ ಒತ್ತಿ ನೋಡಿದೆ. ಆಗಲೂ ಎರಡಕ್ಕಿಂತ ಕಡಿಮೆ! ಆಂಟೆನಾನೇ ಇಲ್ಲ, ಮೀಟರ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಹೋಗುವಾಗ 5 ಡಿಬಿ ಕಳೆಯುತ್ತದೆ, ತುದಿಯಿಂದ ವಾಪಸ್ ಬರುವಾಗ ಇನ್ನೊಂದು 5. ಮೀಟರಿಗೆ ಬಂದು ಸೇರುವುದು ಕಳಿಸಿದ್ದರ ಹತ್ತನೇ ಒಂದು ಭಾಗ, ಅದಕ್ಕೆ ಎಸ್‌ಡಬ್ಲ್ಯುಆರ್ 1.9ರ ಸುತ್ತ ನಿಲ್ಲುತ್ತದೆ. ಅಂದರೆ ಕೇಬಲ್ ಕೆಟ್ಟಷ್ಟೂ ಮೀಟರಿನ ಮುಳ್ಳು ಚೆಂದವಾಗಿ ಕಾಣುತ್ತದೆ. ದಯವಿಟ್ಟು ಕೆಳಗಿನ ಮೀಟರ್ ಒಂದನ್ನೇ ನಂಬಬೇಡಿ, ಒಂದು ಸಲ ಆಂಟೆನಾ ಬುಡದಲ್ಲಿ ಅಳೆಯಿರಿ.

ಆರ್‌ಜಿ-6 ಅಂದರೆ ಡಿಶ್ ಟಿವಿಗೆ ಹಾಕುವ ಕೇಬಲ್. ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ, ನಷ್ಟದಲ್ಲಿ ಮುಂದೆ ಹೇಳುವ ಆರ್‌ಜಿ-213ಕ್ಕೆ ಹತ್ತಿರ ಬರುತ್ತದೆ. ಈ ಬೆಲೆಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಇದು 75 ಓಮ್, ನಮ್ಮ ರೇಡಿಯೋ 50. ಹೊಂದಾಣಿಕೆ ಪೂರ್ತಿ ಆಗದಿದ್ದರೂ 1.5ರ ಎಸ್‌ಡಬ್ಲ್ಯುಆರ್‌ಗೆ ರೇಡಿಯೋಗೇನೂ ಆಗಲಿಲ್ಲ. ನಿಜವಾದ ತೊಂದರೆ ಕನೆಕ್ಟರಿನದ್ದು. ಹೊರಗಿನ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದೇ ಇಲ್ಲ. ಎಫ್ ಕನೆಕ್ಟರ್ ಹಾಕಿ, ಅದರ ಮೇಲೆ ಅಡಾಪ್ಟರ್, ಅದರ ಮೇಲೆ ಇನ್ನೊಂದು ಅಡಾಪ್ಟರ್ ಅಂತ ಸೇರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಸಡಿಲವಾಗುತ್ತದೆ. ಕೇಳುವುದಕ್ಕೆ ಮಾತ್ರ ಬಳಸುವವರಿಗೆ, ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್) ಇಟ್ಟುಕೊಂಡು 145.800ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೋ 137 ಮೆಗಾಹರ್ಟ್ಸ್ ಹತ್ತಿರ ರಷ್ಯಾದ ಮೀಟಿಯರ್ ಹವಾಮಾನ ಉಪಗ್ರಹವನ್ನೋ ಹಿಡಿಯುವ ಹುಡುಗರಿಗೆ, ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಸುಮ್ನೆ ದುಬಾರಿ ಕೇಬಲ್ ಬೇಡ.

ಆರ್‌ಜಿ-213 ಹೆಬ್ಬೆರಳಿನಷ್ಟಲ್ಲದಿದ್ದರೂ ಕಿರುಬೆರಳಿನಷ್ಟು ದಪ್ಪ, 10 ಮಿಲಿಮೀಟರ್ ಮೇಲೆ ಸ್ವಲ್ಪ. ಒಳಗಿನ ಪಾಲಿಥೀನ್ ಗಟ್ಟಿ, ಮಧ್ಯದ ತಂತಿ ಎಳೆ ಎಳೆಯ ತಾಮ್ರ, ಹಾಗಾಗಿ ಬಾಗಿಸಿ ಎಳೆದಾಡಿದರೂ ತಡೆಯುತ್ತದೆ. ಮೇಲೆ 28 ವ್ಯಾಟ್ ಬಂತು. ಆರ್‌ಜಿ-58ಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು, ಅಲ್ವಾ? ಪಿಎಲ್-259 ಕನೆಕ್ಟರ್ ಇದಕ್ಕೆ ಸರಿಯಾಗಿ ಕೂರುತ್ತದೆ, ಬೆಸುಗೆಯೂ ಸುಲಭ. ತೂಕ ಮಾತ್ರ ಜಾಸ್ತಿ. ಪೈಪಿಗೆ ಅಲ್ಲಲ್ಲಿ ಬಿಗಿಯಾಗಿ ಕಟ್ಟದಿದ್ದರೆ ಪೂರ್ತಿ ಭಾರ ಮೇಲಿನ ಕನೆಕ್ಟರಿನ ಮೇಲೆ ಬೀಳುತ್ತದೆ.

ಕೊನೆಯದು ಎಲ್‌ಎಂಆರ್-400. ದಪ್ಪ ಆರ್‌ಜಿ-213ರಷ್ಟೇ, ಒಳಗೆ ಫೋಮ್, ಜಾಲರಿಯ ಕೆಳಗೆ ಪೂರ್ತಿ ಸುತ್ತಿದ ಅಲ್ಯೂಮಿನಿಯಂ ಫಾಯಿಲ್. 150 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ 5 ಡಿಬಿ, 450ರಲ್ಲಿ 8.9. ನನಗೆ ಮೇಲೆ 37 ವ್ಯಾಟ್ ಸಿಕ್ಕಿತು, 435ರಲ್ಲೂ 30. ಅದೇ ರೇಡಿಯೋ, ಅದೇ ಉದ್ದ. ಆದರೆ ಒಂದು ಮೀಟರ್ ಉದ್ದಕ್ಕೆ ನಾನು ಕೊಟ್ಟ ಬೆಲೆ ಆರ್‌ಜಿ-58ರ ನಾಲ್ಕೈದು ಪಟ್ಟು. ಮೇಲಾಗಿ ಮೊದಲ ಸಲ ‘400 ಮಾದರಿ’ ಅಂತ ಬೇರೆ ಯಾವುದನ್ನೋ ಕೊಂಡು ದುಡ್ಡು ಕಳೆದುಕೊಂಡೆ. ಮೇಲಿನ ಸಿಪ್ಪೆ ಸೀಳಿ ನೋಡಿದರೆ ಜಾಲರಿ ಎಷ್ಟು ವಿರಳ ಅಂದರೆ ಒಳಗಿನ ಫಾಯಿಲ್ ಎದ್ದು ಕಾಣುತ್ತಿತ್ತು. ಈಗ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಮೊದಲು ಒಂದು ತುಂಡು ಕೊಯ್ಯಿಸಿ, ಬಿಚ್ಚಿ ನೋಡಿ, ಆಮೇಲೆ ಅಳೆಸುತ್ತೇನೆ.

ಎಲ್‌ಎಂಆರ್-400ರ ಮಧ್ಯದ ತಂತಿ ಗಟ್ಟಿ, ಒಂದೇ ಎಳೆ. ಹಾಗಾಗಿ ಪದೇ ಪದೇ ತಿರುಗುವ ಕಡೆ ಇದು ಬೇಡ. ಆಂಟೆನಾ ತಿರುಗಿಸುವ ರೋಟೇಟರ್ ಇದ್ದರೆ ಅಲ್ಲಿಗೆ ಎರಡು ಮೀಟರ್ ಆರ್‌ಜಿ-213 ಹಾಕಿ, ಅಲ್ಲಿಂದ ಕೆಳಕ್ಕೆ ಇದನ್ನು ತನ್ನಿ.

ಹಾಗಾದರೆ ಎಲ್ಲರೂ ಇದನ್ನೇ ತಗೋಬೇಕಾ? ಖಂಡಿತ ಇಲ್ಲ. ನನ್ನ ಇನ್ನೊಂದು ಆಂಟೆನಾ 7 ಮೆಗಾಹರ್ಟ್ಸ್‌ನ ಡೈಪೋಲ್, ಅಂದರೆ ಎರಡು ತೋಳಿನ ತಂತಿ ಆಂಟೆನಾ, ಎರಡು ಅಡಿಕೆ ಮರಗಳ ನಡುವೆ ಕಟ್ಟಿದ್ದು. ಅದಕ್ಕೆ ಇವತ್ತಿಗೂ ಆರ್‌ಜಿ-58. ಆ ಬ್ಯಾಂಡಿನಲ್ಲಿ 25 ಮೀಟರಿಗೆ ಹೋಗುವುದು ಬರೀ 1 ಡಿಬಿ, ಆ ಕಡೆ ಕೇಳುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಕೇಳುವಾಗಂತೂ ಆಕಾಶದ ಗದ್ದಲವೇ ಅಷ್ಟಿರುತ್ತದೆ, ಕೇಬಲ್ ಸಿಗ್ನಲನ್ನೂ ಗದ್ದಲವನ್ನೂ ಒಟ್ಟಿಗೇ ತಗ್ಗಿಸುತ್ತದೆ. 145ರಲ್ಲಿ ಹಾಗಲ್ಲ. ಅಲ್ಲಿ ಆಕಾಶ ಶಾಂತ, ಸಿಗ್ನಲ್ ಬಡಕಲು, ಕೇಬಲ್ ನುಂಗಿದ್ದು ಮತ್ತೆ ಸಿಗುವುದಿಲ್ಲ. ಕೋಣೆಯಿಂದ ಆಂಟೆನಾಕ್ಕೆ ಐದಾರು ಮೀಟರ್ ಸಾಕು ಅನ್ನುವವರೂ ಆರ್‌ಜಿ-58ರಲ್ಲೇ ಆರಾಮಾಗಿರಬಹುದು.

ಮಲೆನಾಡಿನವರಿಗೆ ಮಾತ್ರ ಇನ್ನೊಂದು ಮಾತು. ಇಲ್ಲಿ ಕೇಬಲ್ ಕೆಡಿಸುವುದು ಮಳೆ, ಆಮೇಲೆ ಮಂಗ. ಪಿಎಲ್-259 ನೀರು ತಡೆಯುವುದಿಲ್ಲ. ಒಂದು ಹನಿ ಒಳಗೆ ಹೋದರೆ ಜಾಲರಿ ಬತ್ತಿಯ ಹಾಗೆ ಹೀರುತ್ತಾ ಹೋಗುತ್ತದೆ. ನನ್ನ ಮೊದಲ ಆರ್‌ಜಿ-213 ಹಾಳಾಗಿದ್ದು ಹೀಗೆ, ಬಿಚ್ಚಿದರೆ ಎರಡು ಮೀಟರ್ ತಾಮ್ರ ಪೂರ್ತಿ ಕಪ್ಪು. ಈಗಿನ ಎಲ್‌ಎಂಆರ್-400ಕ್ಕೆ ಮೇಲೆ ಎನ್ ಕನೆಕ್ಟರ್ ಹಾಕಿದ್ದೇನೆ, ಅದರೊಳಗೆ ರಬ್ಬರ್ ರಿಂಗ್ ಇದೆ. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಸುತ್ತಿ, ಮೇಲೆ ಮಾಮೂಲಿ ಕಪ್ಪು ಟೇಪು. ಕೇಬಲ್ ಕೋಣೆಯೊಳಗೆ ಬರುವ ಮೊದಲು ಒಂದು ಕುಣಿಕೆ ಇಳಿಬಿಟ್ಟಿದ್ದೇನೆ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಂಗಗಳ ಕೈಗೆ ಸಿಗುವ ಮೂರು ಮೀಟರ್ ಪಿವಿಸಿ ಪೈಪಿನೊಳಗೆ. ಮೇ ತಿಂಗಳ ಕೊನೆಯ ಭಾನುವಾರ ಏಣಿ ಹತ್ತಿ ಟೇಪು ಬಿಚ್ಚಿ ಹೊಸದು ಸುತ್ತುತ್ತೇನೆ, ತಮ್ಮ ಕೆಳಗೆ ಪಿಟಿಟಿ ಒತ್ತುತ್ತಾನೆ. ಈ ವರ್ಷವೂ 37 ವ್ಯಾಟ್ ಬಂತು.