ಮಾರುತಿ 800ರ ಸ್ಟೇರಿಂಗ್ ಲಾಕ್ ಬಿಚ್ಚಲು ಪಂಚ್, ಗೀರು, ಡ್ರಿಲ್: ಮೂರನ್ನೂ ಮಾಡಿ ನೋಡಿದೆ

ನಮ್ಮ ಮನೆಯ ಮಾರುತಿ 800 1988ರದ್ದು. ಅಪ್ಪ ಕೊಂಡ ಗಾಡಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಇವತ್ತಿಗೂ ಒಂದೇ ಸೆಲ್ಫಿಗೆ ಹೊತ್ತಿಕೊಳ್ಳುತ್ತದೆ. ಆದರೆ ಹೋದ ಮಳೆಗಾಲದಲ್ಲಿ ಕೀ ಸತಾಯಿಸಲು ಶುರು ಮಾಡಿತು. ಕೀಯನ್ನು ಕೂದಲೆಳೆಯಷ್ಟು ಹೊರಗೆ ಎಳೆದು, ಸ್ಟೇರಿಂಗ್ ಅಲ್ಲಾಡಿಸಿದರೆ ಮಾತ್ರ ತಿರುಗುತ್ತಿತ್ತು. ಅದೇ ಹೊತ್ತಿಗೆ ಭಾವನ ಹಳೇ ಓಮ್ನಿಗೂ ಇದೇ ರೋಗ ಬಂತು. ಎರಡೂ ಒಂದೇ ಮನೆತನದ ಗಾಡಿಗಳು, ಲಾಕ್ ಕೂರಿಸಿರುವ ಬಗೆಯೂ ಒಂದೇ. ಎರಡು ಗಾಡಿ, ನಾಲ್ಕು ಬೋಲ್ಟು. ಅವನ್ನು ಬಿಚ್ಚುವಷ್ಟರಲ್ಲಿ ಮೂರು ವಿಧಾನಗಳ ಪರಿಚಯ ಚೆನ್ನಾಗಿಯೇ ಆಯಿತು.

ಬಿಚ್ಚುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಕೀ ಹಾಕುವ ಆ ಗುಂಡನೆಯ ಭಾಗದಲ್ಲಿ ಎರಡು ಬೇರೆ ಬೇರೆ ಸಾಮಾನು ಇವೆ. ಮುಂದೆ ಕೀ ಕೂರುವ ಬ್ಯಾರಲ್ ಮತ್ತು ಸ್ಟೇರಿಂಗ್ ಹಿಡಿಯುವ ಲಾಕು, ಹಿಂದೆ ವೈರು ಸೇರುವ ಇಗ್ನಿಷನ್ ಸ್ವಿಚ್. ಕೀ ಸಲೀಸಾಗಿ ತಿರುಗುತ್ತದೆ, ಆದರೆ ಅಲ್ಲಾಡಿಸಿದಾಗ ಡ್ಯಾಶ್‌ಬೋರ್ಡ್ ದೀಪ ಹೋಗಿ ಬರುತ್ತದೆ ಅಂದರೆ ಹೆಚ್ಚಾಗಿ ತಪ್ಪು ಸ್ವಿಚ್‌ನದು. ಅದು ಸಣ್ಣ ಸ್ಕ್ರೂ ತೆಗೆದರೆ ಹಿಂದಿನಿಂದ ಕಳಚಿ ಬರುತ್ತದೆ, ಲಾಕ್ ಮುಟ್ಟಬೇಕಾಗಿಯೇ ಇಲ್ಲ. ಮಲ್ಟಿಮೀಟರ್ ಇಟ್ಟು ಐದು ನಿಮಿಷ ನೋಡಿದರೆ ಗೊತ್ತಾಗುತ್ತದೆ. ಇದನ್ನು ನೋಡದೆ ಸುಮ್ನೆ ಇಡೀ ಲಾಕ್ ಬದಲಾಯಿಸುವವರೇ ಜಾಸ್ತಿ. ನಮ್ಮ ಎರಡೂ ಗಾಡಿಗಳಲ್ಲಿ ಬ್ಯಾರಲ್ ಸವೆದಿತ್ತು. ಹಾಗಾಗಿ ಲಾಕ್ ಇಳಿಸಲೇಬೇಕಾಯಿತು.

ಕಷ್ಟ ಇರುವುದು ಅಲ್ಲೇ. ಲಾಕನ್ನು ಕಾಲಂಗೆ, ಅಂದರೆ ಸ್ಟೇರಿಂಗ್ ಶಾಫ್ಟಿನ ಸುತ್ತಲಿನ ಕೊಳವೆಗೆ, ಕಚ್ಚಿಸಿರುವ ಎರಡು ಬೋಲ್ಟುಗಳಿಗೆ ತಲೆಯೇ ಇಲ್ಲ. ಫ್ಯಾಕ್ಟರಿಯಲ್ಲಿ ಬಿಗಿ ಮಾಡುವಾಗ ಷಟ್ಕೋನದ ತಲೆ ಮುರಿದು ಬೀಳುವ ಹಾಗೆ ಮಾಡಿರುತ್ತಾರೆ. ಕಳ್ಳ ಸ್ಪ್ಯಾನರ್ ಹಾಕಿ ಬಿಚ್ಚಬಾರದು ಅಂತ. ಉಳಿಯುವುದು ನುಣುಪಾದ ಒಂದು ಗುಂಡು ಬಿಲ್ಲೆ ಮಾತ್ರ.

ತಯಾರಿ ಎಲ್ಲದಕ್ಕೂ ಒಂದೇ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾಲಂನ ಪ್ಲಾಸ್ಟಿಕ್ ಕವರ್ ಬಿಚ್ಚಿ. ಕಾಲಂ ಅನ್ನು ಡ್ಯಾಶ್‌ಬೋರ್ಡಿನ ಅಡಿಗೆ ಹಿಡಿದಿರುವ ಬೋಲ್ಟುಗಳನ್ನು ತೆಗೆದು, ಅದನ್ನು ಮೆಲ್ಲಗೆ ಸೀಟಿನ ಮೇಲೆ ಇಳಿಸಿಕೊಳ್ಳಿ. ಇಳಿಸದೆಯೇ ಮಾಡಲು ಹೋದ ಮೊದಲ ಭಾನುವಾರ ನನಗೆ ಸುತ್ತಿಗೆ ಬೀಸಲು ಜಾಗವೇ ಸಿಗಲಿಲ್ಲ.

ಮೊದಲು ಪಂಚ್, ಅಂದರೆ ಸುತ್ತಿಗೆಯಿಂದ ಹೊಡೆಯುವ, ಚೂಪು ಮೊನೆಯ ಉಕ್ಕಿನ ಸಣ್ಣ ಸರಳು. ಸುಜುಕಿಯ ಸರ್ವಿಸ್ ಕೈಪಿಡಿ ಹೇಳುವುದೂ ಇದನ್ನೇ: ಸೆಂಟರ್ ಪಂಚ್ ಇಟ್ಟು ಬೋಲ್ಟ್ ಸಡಿಲಿಸಿ, ಆದರೆ ಲಾಕಿನ ಅಲ್ಯುಮಿನಿಯಂ ಮೈಗೆ ಏಟು ಬೀಳದ ಹಾಗೆ ನೋಡಿಕೊಳ್ಳಿ ಅಂತ. ಪಂಚಿನ ಮೊನೆಯನ್ನು ಬಿಲ್ಲೆಯ ನಡುವೆ ಇಡಬಾರದು, ಅಂಚಿಗೆ ಹತ್ತಿರ ಇಡಬೇಕು. ಮೊದಲ ಏಟು ನೇರ, ಒಂದು ಗುಳಿ ಬೀಳುವಷ್ಟು. ಆಮೇಲೆ ಪಂಚನ್ನು ಓರೆ ಮಾಡಿ, ಗಡಿಯಾರದ ಎದುರು ದಿಕ್ಕಿಗೆ ತಳ್ಳುವ ಹಾಗೆ ಸಣ್ಣ ಸಣ್ಣ ಏಟು. ಹತ್ತು ಏಟಿಗೆ ಏನೂ ಆಗುವುದಿಲ್ಲ. ಗುಳಿ ಸ್ವಲ್ಪ ಅಗಲವಾಗುತ್ತದೆ ಅಷ್ಟೇ. ಆಮೇಲೆ ಇದ್ದಕ್ಕಿದ್ದಂತೆ ಏಟಿನ ಸದ್ದು ಬದಲಾಗುತ್ತದೆ. ‘ಟಣ್’ ಅನ್ನುತ್ತಿದ್ದದ್ದು ‘ಟಪ್’ ಅನ್ನುತ್ತದೆ. ನೋಡಿದರೆ ಗುಳಿ ಕೂದಲಷ್ಟು ಸರಿದಿರುತ್ತದೆ. ಅಲ್ಲಿಂದ ಮುಂದೆ ಬೆರಳಲ್ಲೇ ತಿರುಗುತ್ತದೆ. 800ರ ಮೊದಲ ಬೋಲ್ಟು ಇಪ್ಪತ್ತು ನಿಮಿಷದಲ್ಲಿ ಬಂತು. ಓಮ್ನಿಯದು ಎರಡೂ ಹೀಗೇ ಬಂದವು, ಅದೂ ಇನ್ನೂ ಬೇಗ.

ತೊಂದರೆ ಕೊಟ್ಟಿದ್ದು 800ರ ಎರಡನೆಯ ಬೋಲ್ಟು. ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಯಾರೋ ಅದನ್ನು ಬಿಚ್ಚಲು ಹೋಗಿ, ಅಂಚನ್ನೆಲ್ಲ ಜಜ್ಜಿ ಅರ್ಧಕ್ಕೆ ಬಿಟ್ಟಿದ್ದರು. ನಮಗೆ ಹೇಳಿಯೂ ಇರಲಿಲ್ಲ. ಪಂಚ್ ನಿಲ್ಲಲು ಅಂಚೇ ಉಳಿದಿರಲಿಲ್ಲ.

ಅದಕ್ಕೆ ಎರಡನೆಯ ದಾರಿ ಹಿಡಿದೆ. ಸಣ್ಣ ಕಟಿಂಗ್ ಬಿಲ್ಲೆ ಹಾಕಿದ ರೋಟರಿ ಟೂಲಿನಿಂದ ಬೋಲ್ಟಿನ ಮುಖದ ಮೇಲೆ ಒಂದು ಗೀರು ಕೊಯ್ದು, ದಪ್ಪ ಸ್ಕ್ರೂಡ್ರೈವರ್ ಹಾಕಿ ತಿರುಗಿಸುವುದು. ನೋಡಲು ಇದೇ ಎಲ್ಲಕ್ಕಿಂತ ಅಚ್ಚುಕಟ್ಟು. ಆದರೆ ಗೀರು ಆಳ ಬೇಕೆಂದರೆ ಕಟಿಂಗ್ ಬಿಲ್ಲೆ ಪಕ್ಕದ ಅಲ್ಯುಮಿನಿಯಂಗೂ ತಾಗುತ್ತದೆ. ಆಳ ಕಡಿಮೆಯಾದರೆ ಸ್ಕ್ರೂಡ್ರೈವರ್ ಜಾರಿ ಗೀರಿನ ತುಟಿ ಕಿತ್ತುಬರುತ್ತದೆ. ನನಗೆ ಆದದ್ದು ಎರಡನೆಯದು. ಕಿಡಿ ಬೇರೆ ಹಾರುತ್ತದೆ. ಸೀಟಿನ ಮೇಲೆ ಒದ್ದೆ ಗೋಣಿಚೀಲ, ಕಣ್ಣಿಗೆ ಕನ್ನಡಕ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಹಳೇ ರೆಕ್ಸಿನ್ ಸೀಟು ಮತ್ತೆ ಸಿಗುವುದಿಲ್ಲ ಅಲ್ವಾ?

ಕೊನೆಗೆ ಡ್ರಿಲ್. ಬೋಲ್ಟಿನ ನಟ್ಟನಡುವೆ ಪಂಚಿನಿಂದ ಗುರುತು ಹಾಕಿ, ಮೊದಲು 3 ಮಿಮೀ, ಆಮೇಲೆ ಸ್ವಲ್ಪ ದಪ್ಪದ ಬಿಟ್. ನಡು ತಪ್ಪಿದರೆ ಲಾಕಿನ ಮೈಯ ಥ್ರೆಡ್ಡೇ ಹೋಗುತ್ತದೆ. ತೂತು ಕೊರೆದು, ಒಳಗೆ ಕಚ್ಚಿಕೊಂಡು ಬೋಲ್ಟನ್ನು ಬಿಚ್ಚುವ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸುತ್ತಾರೆ. ಅದು ಬಲು ಗಟ್ಟಿ ಉಕ್ಕು, ಬಾಗುವುದಿಲ್ಲ, ಮುರಿಯುತ್ತದೆ. ಮುರಿದರೆ ಒಳಗೆ ಉಳಿದ ತುಂಡನ್ನು ಮಾಮೂಲಿ ಬಿಟ್ ಕೊರೆಯುವುದಿಲ್ಲ. ಅದಕ್ಕೇ ನಾನು ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಎರಡು ದಿನ ಅಲೆದು ಎಡಗೈ ಬಿಟ್ ಒಂದನ್ನು ಹುಡುಕಿದೆ. ಅದು ಕೊರೆಯುವುದೇ ಬಿಚ್ಚುವ ದಿಕ್ಕಿಗೆ. ಡ್ರಿಲ್ಲನ್ನು ರಿವರ್ಸಿಗೆ ಹಾಕಿ ನಿಧಾನವಾಗಿ ಒತ್ತಿದೆ. ಅರ್ಧ ಕೊರೆಯುವಷ್ಟರಲ್ಲಿ ಬಿಟ್ ಕಚ್ಚಿಕೊಂಡು ಬೋಲ್ಟನ್ನೇ ತಿರುಗಿಸಿಕೊಂಡು ಹೊರಗೆ ತಂದಿತು. ಎಕ್ಸ್‌ಟ್ರಾಕ್ಟರ್ ಬೇಕಾಗಲೇ ಇಲ್ಲ. ಆದರೂ ಗುರುತು ಹಾಕುವುದರಿಂದ ಹಿಡಿದು ಎರಡು ಗಂಟೆ ಹಿಡಿಯಿತು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಯಾರೂ ಮುಟ್ಟದ ಬೋಲ್ಟಿಗೆ ಪಂಚ್ ಬಿಟ್ಟು ಬೇರೇನೂ ಬೇಡ. ಅಂಚು ಕೆಟ್ಟಿದ್ದರೆ ನೇರವಾಗಿ ಎಡಗೈ ಬಿಟ್. ಗೀರು ಕೊಯ್ಯುವ ದಾರಿಯನ್ನು ನಾನು ಮತ್ತೆ ಹಿಡಿಯುವುದಿಲ್ಲ.

ನಾಲ್ಕನೆಯ ದಾರಿಯೊಂದನ್ನು ಒಬ್ಬ ಎಲೆಕ್ಟ್ರಿಷಿಯನ್ ಹೇಳಿದ್ದರು. ಲಾಕ್ ಹಾಗೇ ಇರಲಿ, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ಚು, ಒಂದು ಪುಶ್ ಬಟನ್ ಹಾಕಿಬಿಡೋಣ ಅಂತ. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಲಾಕಿನ ಒಳಗೆ ಒಂದು ಉಕ್ಕಿನ ಗೂಟ ಇದೆ. ಅದು ಸ್ಟೇರಿಂಗ್ ಶಾಫ್ಟಿನ ಸೀಳಿನೊಳಗೆ ಇಳಿದಾಗ ಲಾಕ್ ಬೀಳುತ್ತದೆ. ಕೀ ತಿರುಗಿಸಿದಾಗ ಅದನ್ನು ಮೇಲೆತ್ತಿ ಹಿಡಿಯುವುದು ಆ ಬ್ಯಾರಲ್ಲೇ. ಬ್ಯಾರಲ್ ಸವೆದು, ಕೀ ಇಲ್ಲದೆ ಗಾಡಿ ಓಡಿಸಿದರೆ, ಓಡುವಾಗಲೇ ಗೂಟ ಬಿದ್ದರೆ? ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ. ಹಳೇ ಗಾಡಿ ಅಂತ ಇಂಥದ್ದನ್ನು ಸಹಿಸಬಾರದು. ಒಳಗೆ ಮಕ್ಕಳು ಕೂರುತ್ತಾರೆ.

ಹೊಸ ಲಾಕನ್ನು ಜೆಸಿ ರೋಡಿನಲ್ಲಿ ತಂದೆ. ಇಗ್ನಿಷನ್ ಒಂದೇ ತಂದರೆ ಬಾಗಿಲಿಗೆ ಹಳೇ ಕೀ, ಸ್ಟಾರ್ಟಿಗೆ ಹೊಸ ಕೀ. ನನಗೆ ಅದರಿಂದ ಬೇಸರವಿಲ್ಲ. ಭಾವ ಪೂರ್ತಿ ಸೆಟ್ ಹಾಕಿಸಿಕೊಂಡರು. ಯಾವುದೇ ತಂದರೂ ಬೋಲ್ಟು ಮಾತ್ರ ಹೊಸದೇ ಇರಲಿ, ತಲೆ ಮುರಿಯುವಂಥದ್ದೇ ಇರಲಿ. ಬಿಚ್ಚಲು ಸುಲಭ ಅಂತ ಮಾಮೂಲಿ ಬೋಲ್ಟ್ ಹಾಕಿದರೆ ಕಳ್ಳನಿಗೂ ಅಷ್ಟೇ ಸುಲಭ.

ಕೂರಿಸುವಾಗ ಅವಸರ ಬೇಡ. ಶಾಫ್ಟಿನ ಸೀಳು ಕಾಲಂನ ತೂತಿನ ನಡುವೆ ಕಾಣುವ ಹಾಗೆ ಸ್ಟೇರಿಂಗ್ ತಿರುಗಿಸಿ, ಲಾಕ್ ಇಟ್ಟು, ಬೋಲ್ಟನ್ನು ಕೈಯಲ್ಲಿ ಬಿಗಿ ಮಾಡಿ. ಈಗ ಕೀ ತೆಗೆದು ಸ್ಟೇರಿಂಗ್ ತಿರುಗಿಸಿ ನೋಡಿ, ಗೂಟ ಬೀಳಬೇಕು. ಕೀ ಹಾಕಿ ಆನ್‌ಗೆ ತಿರುಗಿಸಿ, ಈ ತುದಿಯಿಂದ ಆ ತುದಿಗೆ ಪೂರ್ತಿ ತಿರುಗಿಸಿ, ಎಲ್ಲೂ ತಾಗಬಾರದು. ನಾನು ಇಪ್ಪತ್ತು ಸಲವಾದರೂ ಹೀಗೆ ಮಾಡಿದೆ. ತಲೆ ಮುರಿದ ಮೇಲೆ ಸರಿಪಡಿಸಲು ಮತ್ತೆ ಪಂಚ್ ಹಿಡಿಯಬೇಕಾಗುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಸ್ಪ್ಯಾನರ್ ಹಾಕಿ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದೆ. ಒಂದು ಟಕ್ ಅಂತು, ಆಮೇಲೆ ಇನ್ನೊಂದು.